ಮಾರ್ಕರ್ ಗೀಟಿನ ಹಿಂದೆ

ರಾತ್ರಿ ಹತ್ತೂವರೆ. ಲ್ಯಾಬಿನಲ್ಲಿ ಟ್ಯೂಬುಗಳನ್ನು ಗಿರ್ರನೆ ತಿರುಗಿಸುವ ಸೆಂಟ್ರಿಫ್ಯೂಜ್ ಈಗಷ್ಟೇ ನಿಂತಿತು. ಭೂಮಿಯ ಎಳೆತದ 1,00,000 ಪಟ್ಟು ಬಲದಲ್ಲಿ ತಿರುಗಿದ ಟ್ಯೂಬಿನ ತಳ ನೋಡಿದರೆ ಏನೂ ಕಾಣುವುದಿಲ್ಲ. ಅದಕ್ಕೇ ಮೊದಲೇ ಹೊರಬದಿಗೆ ಮಾರ್ಕರ್‌ನಿಂದ ಒಂದು ಗೀಟು ಎಳೆದಿಟ್ಟಿರುತ್ತೇನೆ. ತಳಕ್ಕಿಳಿದದ್ದು ಆ ಗೀಟಿನ ಹಿಂದೆ ಇದೆ ಅಂತ ನಂಬಿ, ಉಸಿರು ಹಿಡಿದು ಪಿಪೆಟ್ ಇಳಿಸಬೇಕು.

ಅಲ್ಲಿರುವುದು ಮಲೇರಿಯಾದ ಫಾಲ್ಸಿಪಾರಂ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣಗಳು ಹೊರಬಿಟ್ಟ ಕಿರುಚೀಲಗಳು. ಕೂದಲೆಳೆಯ ಅಗಲಕ್ಕೆ ಇಂಥವು ನೂರಾರು ಸಾಲಾಗಿ ನಿಲ್ಲುತ್ತವೆ. ಜೀವಕೋಶ ಎಸೆದ ಕಸ ಅಂತ ಇಂಥವನ್ನು ಬಹುಕಾಲ ಪಕ್ಕಕ್ಕಿಟ್ಟಿದ್ದರು. 2013ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು: ಪರಾವಲಂಬಿಗಳು ಈ ಚೀಲಗಳ ಮೂಲಕ ಒಂದು ಕಣದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಮುಟ್ಟಿದವು ಗ್ಯಾಮಿಟೋಸೈಟ್ ಆಗುವತ್ತ ಹೆಚ್ಚು ವಾಲುತ್ತವೆ. ಸೊಳ್ಳೆಯೊಳಗೆ ಹೋಗಿ ಬದುಕಬಲ್ಲ ರೂಪ ಅದೇ. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಮಂಗಳೂರಲ್ಲಿ ನಾನು ಚಿಕ್ಕವಳಿದ್ದಾಗ ಅಮ್ಮನಿಗೆ ಮಲೇರಿಯಾ ಬಂದಿತ್ತು. ದಿನ ಬಿಟ್ಟು ದಿನ, ಅದೇ ಹೊತ್ತಿಗೆ ಚಳಿ. ಮೂರು ಕಂಬಳಿ ಹೊದಿಸಿದರೂ ಮಂಚ ಅಲುಗುತ್ತಿತ್ತು. "ಒಳಗೆ ಎಲ್ಲ ಮಾತಾಡಿಕೊಂಡೇ ಏಳ್ತವೆ ಮಗಳೇ" ಅಂದಿದ್ದರು, ಹಲ್ಲು ಕಟಕಟಿಸುತ್ತಾ. ಆ ಮಾತು ಇವತ್ತು ಯಾಕೋ ನೆನಪಾಯಿತು.

ಟ್ಯೂಬು ಐಸಿನಲ್ಲಿದೆ. ಅಮ್ಮ ಮಲಗಿರುತ್ತಾರೆ. ಬೆಳಿಗ್ಗೆ ಫೋನ್ ಮಾಡಿ ಹೇಳಬೇಕು.