ಈ ಹಳೇ ಫೋನು ಈಗಲೂ ಕೆಲಸ ಮಾಡುತ್ತಾ?

ಸೇನೆಯ ಹಳೆಯ ಫೀಲ್ಡ್ ಟೆಲಿಫೋನ್ ಕೂಡಿಡುವವರನ್ನೆಲ್ಲ ಜನ ಕೇಳುವುದು ಇದನ್ನೇ. ನನ್ನ ಉತ್ತರ: ಮಾಡುತ್ತದೆ. ಸಿಮ್ ಬೇಡ, ಟವರ್ ಬೇಡ, ಎಕ್ಸ್‌ಚೇಂಜೂ ಬೇಡ. ಎರಡು ಫೋನು, ನಡುವೆ ಒಂದು ಜೋಡಿ ವೈರು ಇದ್ದರೆ ಸಾಕು.

ಅಮೆರಿಕದ ಇಇ-8 ನೋಡಿ. ಎರಡನೇ ಮಹಾಯುದ್ಧದಿಂದ ವಿಯೆಟ್ನಾಂವರೆಗೂ ದುಡಿದ ಫೋನು. ಮಾತಿಗೆ ಬೇಕಾದ ಕರೆಂಟು ಒಳಗಿರುವ ಎರಡು ದಪ್ಪ ಟಾರ್ಚ್ ಸೆಲ್ಲುಗಳದ್ದು, ಅಂದರೆ ಬರೀ 3 ವೋಲ್ಟ್. ಆ ಸೈಜಿನ ಸೆಲ್ಲು ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಗಂಟೆ ಬಾರಿಸಲು ಅದೂ ಬೇಡ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ಪುಟ್ಟ ಜನರೇಟರ್ ಆ ಕಡೆಯ ಗಂಟೆ ಬಾರಿಸುತ್ತದೆ. ಆಗ ಮಾತ್ರ ವೈರಿನ ತುದಿ ಮುಟ್ಟಬೇಡಿ, ಚೆನ್ನಾಗಿ ಶಾಕ್ ಹೊಡೆಯುತ್ತೆ! ಮನೆಯ ಲ್ಯಾಂಡ್‌ಲೈನ್‌ಗೆ ಜೋಡಿಸಿ ತಿರುಗಿಸುವ ಸಾಹಸವೂ ಬೇಡ.

ನನಗೆ ಜಾಸ್ತಿ ಖುಷಿ ಕೊಡುವುದು ಬೇರೆಯದು. ಜರ್ಮನ್ ಸೇನೆಯ ಎಫ್‌ಎಫ್ 33 ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಪೆಟ್ಟಿಗೆಯ ಫೋನು, ಅದಕ್ಕೆ 1.5 ವೋಲ್ಟ್ ಸಾಕು. ಯುದ್ಧದಲ್ಲಿ ಎದುರಾಬದುರು ನಿಂತಿದ್ದ ಇವೆರಡನ್ನೂ ಒಂದೇ ಲೈನಿಗೆ ಕಟ್ಟಿದರೆ ಸಲೀಸಾಗಿ ಮಾತಾಡುತ್ತವೆ. ಪ್ರತಿ ಫೋನಿಗೂ ಅದರದ್ದೇ ಬ್ಯಾಟರಿ ಇದೆ. ವೈರಿನಲ್ಲಿ ಹೋಗುವುದು ಮಾತು ಮತ್ತು ಗಂಟೆಯ ಸಿಗ್ನಲ್ ಮಾತ್ರ, ಜಗಳ ಬರಲು ಕಾರಣವೇ ಇಲ್ಲ.

ಒಂದೇ ವೈರಿದ್ದರೂ ನಡೆಯುತ್ತದೆ. ಎರಡೂ ಕಡೆ ನೆಲಕ್ಕೆ ಕಬ್ಬಿಣದ ಗೂಟ ಹೊಡೆದು ಫೋನಿನ ಇನ್ನೊಂದು ತುದಿಯನ್ನು ಅದಕ್ಕೆ ಕಟ್ಟಿದರೆ ಮಣ್ಣೇ ಎರಡನೇ ವೈರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಹೀಗೆ ಮಾಡಿ ಪೇಚಿಗೆ ಸಿಕ್ಕಿದ್ದರು. ನೆಲದಲ್ಲಿ ಸೋರಿದ ಮಾತನ್ನು ಜರ್ಮನ್ನರು ತಮ್ಮ ಕಂದಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಈ ಕಾಟ ತಪ್ಪಿಸಲೆಂದೇ 1915ರಲ್ಲಿ ಬ್ರಿಟಿಷ್ ಸೇನೆಯ ಫುಲ್ಲರ್ ಎಂಬ ಅಧಿಕಾರಿ ಮೋರ್ಸ್ (ಚುಕ್ಕಿ-ಗೆರೆಗಳ ಸಂಕೇತ) ಸಂದೇಶ ಕಳಿಸುವ ಫುಲ್ಲರ್‌ಫೋನ್ ರೂಪಿಸಿದರು. ಅದನ್ನು ಕದ್ದು ಕೇಳುವುದು ಬಹಳ ಕಷ್ಟವಾಗಿತ್ತು.

ಕೊಳ್ಳುವ ಆಸೆ ಇದ್ದರೆ ಮೊದಲು ಸೆಲ್ ಕೂರುವ ಜಾಗ ನೋಡಿ. ಯಾರೋ ಒಳಗೇ ಬಿಟ್ಟ ಸೆಲ್ ಸೋರಿ ತುಕ್ಕು ಹಿಡಿಸಿರಬಹುದು. ನೋಟಕ್ಕೆ ಚರ್ಮದ ಚೀಲದ ಇಇ-8 ಚಂದ, ಆದರೆ ಕರಾವಳಿಯ ಮಳೆಗಾಲದಲ್ಲಿ ಬೂಸ್ಟು ಗ್ಯಾರಂಟಿ. ಕ್ಯಾನ್ವಾಸ್ ಚೀಲದ್ದೇ ವಾಸಿ. ಧ್ವನಿ ಮಂಕಾಗಿದ್ದರೆ ಬೇಸರ ಬೇಡ. ಮೈಕಿನೊಳಗಿನ ಇಂಗಾಲದ ಕಾಳುಗಳು ಗಂಟುಕಟ್ಟಿರುತ್ತವೆ, ಹ್ಯಾಂಡ್‌ಸೆಟ್ ಅನ್ನು ಅಂಗೈಗೆ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮತ್ತೆ, ಮಾತಾಡುವಷ್ಟು ಹೊತ್ತೂ ಹ್ಯಾಂಡ್‌ಸೆಟ್‌ನ ಗುಂಡಿ ಒತ್ತಿ ಹಿಡಿದಿರಬೇಕು. ಹೊಸಬರು ಅದನ್ನು ಒತ್ತದೆ, ಸುಮ್ನೆ ಫೋನ್ ಕೆಟ್ಟಿದೆ ಅಂತಾರೆ.