ಅವ್ವನ ತಾಟು

ಧಾರವಾಡದ ಒಂದು ಹುಡುಗರ ಹಾಸ್ಟೆಲಿನಲ್ಲಿ ಮೂರು ವರ್ಷ ವಾರ್ಡನ್ ಆಗಿದ್ದೆ. ರಾತ್ರಿ ಒಂಬತ್ತಕ್ಕೆ ತಲೆ ಎಣಿಸಬೇಕು. ಒಂದು ತಲೆ ಕಡಿಮೆ ಬಂದರೆ ಹೊಟ್ಟೆಯಲ್ಲಿ ಆಗುವ ತಳಮಳ ಇದೆಯಲ್ಲ, ಅದು ಎಣಿಸಿದವರಿಗೇ ಗೊತ್ತು.

ಅದಕ್ಕೇ ಇರಬೇಕು, ಧಾತು, ಈಶ್ವರ ಅನ್ನುವ ಎರಡು ಸಂವತ್ಸರಗಳಲ್ಲಿ ಬಿದ್ದ ‘ಧಾತು ಈಶ್ವರ ಬರ’ದ ಬಗ್ಗೆ ಓದುವಾಗೆಲ್ಲ ನನ್ನ ಯೋಚನೆ ಅನಾಥಾಲಯಗಳ ಕಡೆಗೇ ಓಡುತ್ತದೆ. 1876ರಲ್ಲಿ ಮಳೆ ಕೈಕೊಟ್ಟು ಧಾರವಾಡ, ಬೆಳಗಾವಿ, ಕಲಾದಗಿ ಸೀಮೆ ಒಣಗಿಹೋಯಿತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲೇ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದಿದ್ದರು. ದಿಕ್ಕಿಲ್ಲದ ಮಕ್ಕಳು ಅಂಥವರ ಬಾಗಿಲಿಗೆ ಬಂದವು.

ಊಟ ಹಾಕಿದರೆ ಮುಗಿಯಿತು ಅನ್ನುವ ಹಾಗಿಲ್ಲ. ಎಷ್ಟೋ ದಿನ ಉಪವಾಸ ಇದ್ದ ಮಗುವಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ಜೀವಕ್ಕೇ ಅಪಾಯ. ತೆಳು ಗಂಜಿ, ಅದೂ ಸ್ವಲ್ಪ ಸ್ವಲ್ಪ. ಮಗು ಇನ್ನೂ ಬೇಕು ಅಂತ ಅಳುತ್ತದೆ, ಸೌಟು ಹಿಡಿದವರು ಇಲ್ಲ ಅನ್ನಬೇಕು. ಜೊತೆಗೆ ಕಜ್ಜಿ, ಹೇನು, ಭೇದಿ. ಸಲೈನ್ ಹಚ್ಚುವ ರೂಢಿ ಇಲ್ಲದ ಕಾಲ.

ಇಷ್ಟೆಲ್ಲ ಮಾಡಿದ ಮೇಲೆ ಮಗು ಓಡಿಹೋದರೆ? ‘ಉಂಡ ಮನೆ ನೆನೆಯದವರು’ ಅಂತ ಬೈಯುವುದು ಸುಲಭ. ನಾನೂ ಬೈದಿದ್ದೇನೆ. ಆದರೆ ಬರಗಾಲದಲ್ಲಿ ಅನಾಥ ಅನ್ನಿಸಿಕೊಂಡವರೆಲ್ಲ ಅನಾಥರಲ್ಲ. ಕೂಲಿ ಹುಡುಕಿ ಹೋದ ಅಪ್ಪ ಎಲ್ಲೋ ಇರುತ್ತಾನೆ, ಊರಲ್ಲಿ ಅಜ್ಜಿ ಉಳಿದಿರುತ್ತಾಳೆ, ಒಂದು ಮಳೆ ಬಿದ್ದು ಮಣ್ಣಿನ ವಾಸನೆ ಬಂತೆಂದರೆ ಕಾಲು ತಾನಾಗೇ ಊರಿನ ದಾರಿ ಹಿಡಿಯುತ್ತದೆ, ಅಲ್ವಾ?

ನಮ್ಮಲ್ಲೂ ಒಬ್ಬ ಓಡಿದ್ದ. ನವಲಗುಂದದ ಕಡೆಯವನು, ತಾಯಿ ಇಲ್ಲ. ಹೊಸ ಚಾದರ, ಚಪ್ಪಲಿ ಎರಡನ್ನೂ ಬಿಟ್ಟಿದ್ದ. ಒಯ್ದದ್ದು ಒಂದು ಸ್ಟೀಲಿನ ತಾಟು ಮಾತ್ರ, ಅಂಚಿನಲ್ಲಿ ಅವನ ಅವ್ವನ ಹೆಸರು ಕೊರೆಸಿದ್ದು. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು ಎಲ್ಲ ತಿರುಗಿ, ಬೆಳಗಾದ ಮೇಲೆ ಊರಿಗೇ ಹೋದೆ. ಅಜ್ಜಿಯ ಪಕ್ಕ ಒಲೆ ಮುಂದೆ ಕೂತಿದ್ದ.

‘ಯಾಕೋ ಹೇಳದ ಬಂದಿ?’

‘ಸರ, ಹಾಸ್ಟೆಲ್‌ನ್ಯಾಗ ಬರೇ ಅನ್ನ ಹಾಕ್ತೀರಿ. ಈ ತಾಟಿನ್ಯಾಗ ರೊಟ್ಟಿ ಉಣ್ಣಬೇಕಾಗಿತ್ತು.’

ಅಜ್ಜಿ ನನಗೂ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದರು. ಬೈಯಬೇಕು ಅಂತ ಬಂದವನು ಸುಮ್ನೆ ಉಂಡೆ.

ರಿಜಿಸ್ಟರಿನಲ್ಲಿ ‘ಓಡಿಹೋಗಿದ್ದಾನೆ’ ಅಂತ ಬರೆದಿದ್ದೆ. ವಾಪಸ್ ಬಂದು ಅದನ್ನು ಹೊಡೆದುಹಾಕಿ ‘ಊರಿಗೆ ಹೋಗಿದ್ದ’ ಅಂತ ಬರೆದೆ.