ಆಪ್ಷನ್ ಎಂಟ್ರಿಗೆ ಮೊದಲು ನೋಡಿ ಬಂದ ಎರಡು ದಂತ ಕಾಲೇಜುಗಳು

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವ ಪಟ್ಟಿಯಲ್ಲಿ, ಮೇಲೆ ನಮೂದಿಸಿದ ಕಾಲೇಜಿನಲ್ಲಿ ಸೀಟು ದೊರೆತರೆ ಅದರ ಕೆಳಗಿನ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ. ಆದ್ದರಿಂದ ಮಗಳು ಬಿ.ಡಿ.ಎಸ್. ಓದುವುದೆಂದು ಗಟ್ಟಿ ಮಾಡಿದ ಮೇಲೆ, ನಮ್ಮೂರಿಗೆ ಹತ್ತಿರದ ಹೊಸ ಕಾಲೇಜನ್ನು ಮೇಲಿಡಬೇಕೋ, ಪಕ್ಕದ ಜಿಲ್ಲೆಯಲ್ಲಿ ದಶಕಗಳಿಂದ ನಡೆಯುತ್ತಿರುವ ಕಾಲೇಜನ್ನೋ ಎಂಬುದೇ ಮನೆಯ ಚರ್ಚೆಯಾಯಿತು. ಹೊಸ ಕಾಲೇಜಿನ ಮೊದಲ ಬ್ಯಾಚ್ ಆಗಿನ್ನೂ ಮೂರನೆಯ ವರ್ಷದಲ್ಲಿತ್ತು. ಊಹೆಯ ಮೇಲೆ ತೀರ್ಮಾನಿಸುವ ಬದಲು ಎರಡನ್ನೂ ಒಂದೇ ದಿನ ನೋಡಿ ಬರೋಣವೆಂದು ನಾವಿಬ್ಬರೂ ಹೊರಟೆವು. ಹೊರರೋಗಿಗಳು ಹೆಚ್ಚಾಗಿ ಬರುವುದು ಬೆಳಗಿನ ಹೊತ್ತಿನಲ್ಲಿ. ಆ ಅನುಕೂಲ ಹೊಸ ಕಾಲೇಜಿಗೇ ಇರಲಿ ಎಂದು ಮೊದಲು ಅಲ್ಲಿಗೇ ಹೋದೆವು.

ಕಟ್ಟಡ ಸೊಗಸಾಗಿತ್ತು. ಡೆಂಟಲ್ ಚೇರುಗಳೆಲ್ಲ ಹೊಚ್ಚ ಹೊಸವು, ಎಕ್ಸ್-ರೇ ಯಂತ್ರಗಳೂ ಹೊಸವು. ಆದರೆ ನೋಂದಣಿ ಕೌಂಟರಿನ ಮುಂದೆ ನಿಂತವರು ಬೆರಳೆಣಿಕೆಯ ಮಂದಿ. ನಮ್ಮನ್ನು ಕರೆದೊಯ್ದು ತೋರಿಸಿದ ಯುವ ಅಧ್ಯಾಪಕರೊಬ್ಬರು ಏನನ್ನೂ ಮುಚ್ಚಿಡಲಿಲ್ಲ. ಹಳ್ಳಿಗಳಲ್ಲಿ ಶಿಬಿರ ನಡೆಸಿ ಕಾಲೇಜಿನ ಬಸ್ಸಿನಲ್ಲಿ ರೋಗಿಗಳನ್ನು ಕರೆತರುತ್ತೇವೆ ಎಂದರು. ಜೊತೆಗೆ ಅವರು ಹೇಳಿದ ಇನ್ನೊಂದು ಮಾತಿನಲ್ಲಿ ನಿಜವಾದ ತೂಕವಿತ್ತು. ಅಲ್ಲಿ ಇನ್ನೂ ಎಂ.ಡಿ.ಎಸ್. ಎಂಬ ಸ್ನಾತಕೋತ್ತರ (ಪಿ.ಜಿ.) ಕೋರ್ಸ್ ಇಲ್ಲದ ಕಾರಣ ಕಷ್ಟದ ಪ್ರಕರಣಗಳನ್ನು ಪಿ.ಜಿ. ವಿದ್ಯಾರ್ಥಿಗಳು ಎತ್ತಿಕೊಂಡು ಹೋಗುವ ಪ್ರಶ್ನೆಯೇ ಇರಲಿಲ್ಲ. ಬಂದ ಪ್ರತಿಯೊಂದು ಹಲ್ಲೂ ಬಿ.ಡಿ.ಎಸ್. ವಿದ್ಯಾರ್ಥಿಯ ಕೈಗೇ ಸಿಗುತ್ತಿತ್ತು, ಅಧ್ಯಾಪಕರು ಪಕ್ಕದಲ್ಲೇ ನಿಂತು ಕಲಿಸುತ್ತಿದ್ದರು. ದೊಡ್ಡ ಹೆಸರಿನ ಕಾಲೇಜುಗಳಲ್ಲಿ ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆಯನ್ನು ಪದವಿ ವಿದ್ಯಾರ್ಥಿಗಳು ಬಹುಮಟ್ಟಿಗೆ ಪಕ್ಕದಲ್ಲಿ ನಿಂತು ನೋಡುವುದೇ ಆಗುತ್ತದೆ ಎಂಬುದನ್ನು ನಾನು ಮೊದಲೇ ಕೇಳಿದ್ದೆ.

ಮಾನ್ಯತೆಯ ವಿಷಯವನ್ನೂ ಕೇಳಿದೆ. ದಂತವೈದ್ಯರ ಕಾಯ್ದೆಗೆ 1993ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆಗ ಹೊಸ ದಂತ ಕಾಲೇಜಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕಿತ್ತು. ಆ ಅನುಮತಿ ಆರಂಭದ ವರ್ಷಗಳಲ್ಲಿ ಪ್ರತಿ ವರ್ಷ ನವೀಕರಣವಾಗಬೇಕಿತ್ತು, ಮೊದಲ ಬ್ಯಾಚ್ ಅಂತಿಮ ಪರೀಕ್ಷೆಗೆ ಬರುವ ಹೊತ್ತಿಗೆ ಪದವಿಯ ಮಾನ್ಯತೆಗಾಗಿ ತಪಾಸಣೆ ನಡೆಯಬೇಕಿತ್ತು. ಅವರು ಆ ವರ್ಷದ ನವೀಕರಣ ಪತ್ರವನ್ನು ತೋರಿಸಿದರು. ಅದಕ್ಕಿಂತ ಹೆಚ್ಚಿನದನ್ನು ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ ಕಾಲೇಜು 1965ರಲ್ಲಿ ಹೊಸವೇ ಆಗಿದ್ದವು. ಅವುಗಳನ್ನು ನಂಬಿ ಸೇರಿದ ಮೊದಲ ಬ್ಯಾಚಿನವರು ಇರದಿದ್ದರೆ ಅವು ಹಳೆಯವಾಗುತ್ತಿರಲಿಲ್ಲ.

ಹಳೆಯ ಕಾಲೇಜು ತಲುಪಿದಾಗ ಮಧ್ಯಾಹ್ನವಾಗಿತ್ತು. ಗೋಡೆಯ ಬಣ್ಣ ಮಾಸಿತ್ತು, ಕೆಲವು ಚೇರುಗಳ ಹೊದಿಕೆ ಹರಿದಿತ್ತು, ಒಂದು ಚೇರಿಗಾಗಿ ಇಬ್ಬರು ವಿದ್ಯಾರ್ಥಿಗಳು ಕಾಯುತ್ತಿದ್ದರು. ಬೆಂಚುಗಳ ಮೇಲೆ ಮಾತ್ರ ಆ ಹೊತ್ತಿನಲ್ಲೂ ಜಾಗವಿರಲಿಲ್ಲ. ಕೃತಕ ದಂತ ವಿಭಾಗದ ಹೊರಗೆ ಕೂತಿದ್ದ ಅಜ್ಜಿಯೊಬ್ಬರು ವಿದ್ಯಾರ್ಥಿನಿಯನ್ನು ಕಂಡ ಕೂಡಲೇ, “ಹಲ್ಲು ಯಾವಾಗ ಕೊಡ್ತೀಯವ್ವ? ಇದಕ್ಕೇ ನಾಕನೇ ಸಲ ಬಂದೀನಿ” ಎಂದರು. “ಇವತ್ತು ಮೇಣದ ಮೇಲೆ ಹಲ್ಲು ಜೋಡಿಸಿ ನೋಡ್ತೀನಜ್ಜಿ, ಸರಿಯಾದ್ರೆ ಮುಂದಿನ ವಾರ ಕೊಡ್ತೀನಿ” ಎಂದು ಆ ಹುಡುಗಿ ಅವರನ್ನು ಒಳಗೆ ಕರೆದುಕೊಂಡಳು.

ನನ್ನ ತೀರ್ಮಾನ ಅಲ್ಲಿಯೇ ಆಯಿತು. ಪೂರ್ಣ ದಂತಪಂಕ್ತಿಯೊಂದನ್ನು ಮಾಡಬೇಕಾದರೆ ಮೊದಲ ಅಚ್ಚು, ಅದರ ಮೇಲೆ ತಯಾರಿಸಿದ ಟ್ರೇಯಿಂದ ಎರಡನೆಯ ಅಚ್ಚು, ಮೇಲಿನ ಮತ್ತು ಕೆಳಗಿನ ದವಡೆಗಳ ಹೊಂದಾಣಿಕೆ, ಮೇಣದಲ್ಲಿ ಪರೀಕ್ಷೆ, ಕೊನೆಗೆ ಜೋಡಣೆ, ಆಮೇಲೆ ಎಲ್ಲಿ ಒತ್ತುತ್ತದೆಂದು ನೋಡಿ ಸರಿಪಡಿಸುವುದು, ಹೀಗೆ ಒಬ್ಬರೇ ರೋಗಿ ಮತ್ತೆ ಮತ್ತೆ ಬರಬೇಕು. ಬೇರು ನಾಳದ ಚಿಕಿತ್ಸೆಯೂ (ರೂಟ್ ಕೆನಾಲ್) ಅನೇಕ ವೇಳೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಹಲ್ಲಿನ ಕ್ಲಿಪ್ಪಂತೂ ವರ್ಷಗಟ್ಟಲೆ ಹಿಡಿಯುತ್ತದೆ. ಶಿಬಿರದಿಂದ ಬಸ್ಸಿನಲ್ಲಿ ಬಂದವರು ಹಲ್ಲು ಕೀಳಿಸಿಕೊಂಡು, ಸ್ವಚ್ಛ ಮಾಡಿಸಿಕೊಂಡು ಹೋಗಬಹುದು, ಆದರೆ ತಾವೇ ಬಸ್ಸು ಹತ್ತಿ ನಾಲ್ಕನೆಯ ಸಲ ಬರಬೇಕಾದರೆ ಆ ಊರಿನಲ್ಲಿ ಕಾಲೇಜಿನ ಮೇಲೆ ನಂಬಿಕೆ ಕುಳಿತಿರಬೇಕು. ಅದನ್ನು ಹಣ ಕೊಟ್ಟು ತಂದಿಡಲಾಗುವುದಿಲ್ಲ. ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಒಬ್ಬರ ಬಾಯಲ್ಲಿ ಮಾಡಿ ಮುಗಿಸದ ವಿದ್ಯಾರ್ಥಿ ತನ್ನ ಅಚ್ಚು ಎಲ್ಲಿ ತಪ್ಪಿತ್ತೆಂದು ತಿಳಿಯುವುದಾದರೂ ಹೇಗೆ? ಹೊರರೋಗಿಗಳ ಸಂಖ್ಯೆ ಎಷ್ಟೆಂದು ಎಲ್ಲ ತಂದೆತಾಯಿಗಳೂ ಕೇಳುತ್ತಾರೆ. ಅವರಲ್ಲಿ ಮರಳಿ ಬಂದವರೆಷ್ಟು ಎಂಬುದನ್ನೇ ಮುಖ್ಯವಾಗಿ ಕೇಳಬೇಕೆಂದು ನನಗೆ ಅನ್ನಿಸುತ್ತದೆ.

ಹಿಂದಿರುಗುವಾಗ ಮಗಳು ಬೇರೆಯೇ ಲೆಕ್ಕ ಹಾಕುತ್ತಿದ್ದಳು. “ಅಮ್ಮ, ಇಲ್ಲಿ ಸೇರಿದ್ರೆ ಹಾಸ್ಟೆಲ್ ಖರ್ಚು ಬೇರೆ ಆಗುತ್ತೆ, ಸರ್ಜರಿ ಕೇಸೂ ಕಡಿಮೆ ಸಿಗುತ್ತೆ” ಎಂದಳು. ಎರಡೂ ನಿಜ. ಹಾಸ್ಟೆಲ್ ಖರ್ಚನ್ನು ನಾವು ನೋಡಿಕೊಳ್ಳುತ್ತೇವೆ, ನಾಲ್ಕು ವರ್ಷದ ಓದಿನ ನಂತರ ಒಂದು ವರ್ಷದ ಇಂಟರ್ನ್‌ಶಿಪ್ ಇರುತ್ತದೆ, ಶಸ್ತ್ರಚಿಕಿತ್ಸಾ ವಿಭಾಗದ ಸರದಿ ಬಂದಾಗ ನೀನೇ ಮುಂದೆ ಹೋಗಿ ಕೇಳಿ ಮಾಡಬೇಕಾಗುತ್ತದೆ ಎಂದು ಹೇಳಿದೆ. ಅವಳು ಒಪ್ಪಿದಳು. ಹಳೆಯ ಕಾಲೇಜನ್ನು ಮೊದಲನೆಯದಾಗಿಯೂ ಹೊಸದನ್ನು ಎರಡನೆಯದಾಗಿಯೂ ನಮೂದಿಸಿದೆವು.